ಮರುಭೂಮಿಯ ಹಾದಿಗೆ ಅರವಟ್ಟಿಗೆ ಸಾಕು

ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಮಗನನ್ನೋ ಮಗಳನ್ನೋ ಕಳುಹಿಸಿರದ ವಿದ್ಯಾವಂತ ಮನೆತನಗಳು ನಮ್ಮ ಜಿಲ್ಲೆಯಲ್ಲಿಯೂ ಈಗ ವಿರಳವಾಗುತ್ತ ಬಂದಿವೆ. ಆ ಮಕ್ಕಳನ್ನು ಕಂಡು ಹಿಂದಿರುಗಿದ ತಂದೆತಾಯಿಗಳು ಹೇಳತಕ್ಕ ಪ್ರವಾಸಕಥನಗಳಲ್ಲಿ ಅರಿಜೋನಾ ಸಂಸ್ಥಾನದ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಣಿವೆಯ ವರ್ಣನೆ ತಪ್ಪದೆ ಇರುವುದುಂಟು. ವರ್ಣನೆಯ ವಿಷಯದಲ್ಲಿ ನಮ್ಮ ತಕರಾರಿಲ್ಲ. 277 ಮೈಲಿ ಉದ್ದವಾಗಿ, ಕೆಲವೆಡೆ 18 ಮೈಲಿ ಅಗಲವಾಗಿ, ಒಂದು ಮೈಲಿಯಷ್ಟು ಆಳವಾಗಿ ಕೊರೆದಿರುವ ಆ ಕಣಿವೆಯನ್ನು ಕಂಡವರು ಬೆರಗಾಗದಿದ್ದರೆ ಅದೇ ಆಶ್ಚರ್ಯ. ತಕರಾರಿರುವುದು ವರ್ಣನೆ ಮುಗಿದ ಮೇಲೆ ಬರುವ ಮಾತಿನ ಬಗೆಗೆ. ಹಿರಿಯರು ಹೇಳುವುದು ಹೀಗೆ: "ಅಷ್ಟು ಐಶ್ವರ್ಯವುಳ್ಳ ದೇಶ, ಕೆಳಗಿನ ನದಿಯವರೆಗೆ ಒಂದು ರೋಪ್‌ವೇಯನ್ನಾದರೂ ಹಾಕಿಸಬಾರದಾಗಿತ್ತೆ? ಕತ್ತೆದಾರಿಯಂಥ ಆ ಹಾದಿಯಲ್ಲಿ ಯಾರು ನಡೆದಾರು?" ಕಿರಿಯರು ಹೇಳುವುದು ಇನ್ನೊಂದು ಬಗೆ: "ಬೆಳಗ್ಗೆ ನದಿಗೆ ಇಳಿದು ಸಂಜೆಯೊಳಗೆ ಮೇಲೆ ಬಂದೆವು. ಒಂದೇ ದಿನದಲ್ಲಿ ಹಾಗೆ ಮಾಡಬೇಡಿರೆಂದು ಅಲ್ಲಲ್ಲಿ ಫಲಕ ಹಾಕಿದ್ದಾರೆ, ಅದೆಲ್ಲ ಅಂಜುಬುರುಕರಿಗೆ." ಮೇಲುನೋಟಕ್ಕೆ ಈ ಎರಡು ಮಾತುಗಳೂ ಪರಸ್ಪರ ವಿರುದ್ಧವಾದುವು. ಒಂದು ಸುಖವನ್ನು ಬಯಸುತ್ತದೆ, ಇನ್ನೊಂದು ಸಾಹಸವನ್ನು. ಆದರೆ ವಿಚಾರಮಾಡಿ ನೋಡಿದರೆ ಇವೆರಡೂ ಒಂದೇ ಬಳ್ಳಿಯ ಕಾಯಿಗಳೆಂದೂ, ಆ ಬಳ್ಳಿಯ ಬೇರು ಹಾದಿಯ ಮೇಲಿನ ಅನಾದರವೆಂದೂ ತಿಳಿದುಬರುವುದು. ಅದನ್ನು ತೋರಿಸಿಕೊಡುವುದೇ ಈ ಲೇಖನದ ಉದ್ದೇಶ.

ಮೊದಲು ಹಾದಿಯ ಸ್ವರೂಪವನ್ನು ಅರಿತುಕೊಳ್ಳೋಣ. ಕಣಿವೆಯ ದಕ್ಷಿಣದಂಚಿನಿಂದ ಕೊಲೊರಾಡೊ ನದಿಗೆ ಇಳಿಯುವ ಹಾದಿಗಳಲ್ಲಿ ಪ್ರಸಿದ್ಧವಾದುದು ಬ್ರೈಟ್ ಏಂಜಲ್ ಹಾದಿ. ಅದು ಹೊರಡುವ ಜಾಗ ಸಮುದ್ರಮಟ್ಟಕ್ಕಿಂತ ಸುಮಾರು 6,840 ಅಡಿ ಎತ್ತರದಲ್ಲಿದೆ. ಕೆಳಗೆ ನದಿಯ ಬಳಿಯ ಬಿಡಾರ ಸುಮಾರು 2,480 ಅಡಿಯಲ್ಲಿದೆ. ನಡುವಣ ದೂರ ಒಂಬತ್ತೂವರೆ ಮೈಲಿ. ಲಂಬವಾಗಿ ನಿಂತ ಬಂಡೆಗಳ ನಡುವೆ ಇಳಿಯಲು ಅಲ್ಲಿ ಎಡೆ ದೊರೆತದ್ದಾದರೂ ಹೇಗೆಂದರೆ, ಅಲ್ಲಿ ನೆಲವೇ ಬಿರಿದು, ಬಿರುಕಿನ ಒಂದು ಮಗ್ಗುಲು ಇನ್ನೊಂದು ಮಗ್ಗುಲಿಗಿಂತ ಸರಿದುನಿಂತಿದೆ. ಬಂಡೆ ನುಚ್ಚಾಗಿ ಉದುರಿದ ಆ ಇಳಿಜಾರಿನ ಮೇಲೆ ಹಾದಿ ಹಾವಿನಂತೆ ಹೊರಳಿ ಹೊರಳಿ ಇಳಿಯುತ್ತದೆ. ಮೇಲೆ ಸುಣ್ಣಕಲ್ಲು, ಅದರ ಕೆಳಗೆ ಬೆಳ್ಳನೆಯ ಮರಳುಗಲ್ಲು, ಅದರ ಕೆಳಗೆ ಕೆಂಪು ಜೇಡಿಗಲ್ಲು, ಅನಂತರ ಐನೂರು ಅಡಿಯಷ್ಟು ನೆಟ್ಟಗೆ ನಿಂತ ಕೆಂಗೋಡೆ, ಮತ್ತೆ ಬಯಲು, ಕಟ್ಟಕಡೆಗೆ ನದಿಯ ಇಕ್ಕೆಲದ ಕಪ್ಪು ಶಿಲೆ. ಮೇಲಿನ ಅಂಚಿನಲ್ಲಿ ದೇವದಾರುವಿನ ಜಾತಿಯ ಮರಗಳಿವೆ, ಚಳಿಗಾಲದಲ್ಲಿ ಹಿಮ ಬೀಳುತ್ತದೆ. ತಳದಲ್ಲಾದರೋ ವರ್ಷಕ್ಕೆ ಎಂಟೊಂಬತ್ತು ಅಂಗುಲ ಮಳೆ. ಕಳ್ಳಿಯೂ ಮುಳ್ಳುಪೊದೆಯೂ ಬೆಳೆಯತಕ್ಕ ಶುದ್ಧ ಮರುಭೂಮಿ. ಪ್ರತಿ ಸಾವಿರ ಅಡಿ ಇಳಿದಂತೆ ಐದೂವರೆ ಡಿಗ್ರಿ ಫ್ಯಾರನ್‌ಹೀಟಿನಷ್ಟು ಉಷ್ಣ ಏರುತ್ತದೆ. ಜುಲೈ ತಿಂಗಳಲ್ಲಿ ಅಂಚಿನ ಹಗಲಿನ ಸರಾಸರಿ ಶಾಖ 84 ಡಿಗ್ರಿಯಾದರೆ ತಳದಲ್ಲಿ ಅದು 106 ಡಿಗ್ರಿ. ಎಂದರೆ 41 ಸೆಂಟಿಗ್ರೇಡ್. ಇದು ನೆರಳಿನ ಲೆಕ್ಕ. ಹಾದಿಯ ಬಹುಭಾಗದಲ್ಲಿ ನೆರಳೇ ಇಲ್ಲ.

ನಮ್ಮ ಬೆಟ್ಟಗಳಿಗೂ ಈ ಕಣಿವೆಗೂ ಒಂದು ಮುಖ್ಯವಾದ ಭೇದವಿದೆ. ನಾವು ಬೆಟ್ಟ ಹತ್ತುವಾಗ ಕಷ್ಟ ಮೊದಲು, ಸುಖ ಆಮೇಲೆ. ಮೈಯಲ್ಲಿ ಶಕ್ತಿ ಸಾಲದವನಿಗೆ ನೂರು ಮೆಟ್ಟಿಲು ಏರುವಷ್ಟರಲ್ಲೇ ಎದೆ ಬಡಿದುಕೊಂಡು ಎಚ್ಚರಿಕೆ ಕೊಡುತ್ತದೆ. ಅವನು ಅಲ್ಲಿಂದಲೇ ಹಿಂದಿರುಗಿದರೆ ಇಳಿಯುವುದು ಸುಲಭ. ಕಣಿವೆಯಲ್ಲಿ ಕ್ರಮ ತಿರುವುಮುರುವು. ಬೆಳಗಿನ ತಂಪಿನಲ್ಲಿ, ಹೊಟ್ಟೆ ತುಂಬಿದ ಉತ್ಸಾಹದಲ್ಲಿ, ಇಳಿಜಾರು ತಾನಾಗಿಯೇ ಕಾಲನ್ನು ಎಳೆದುಕೊಂಡು ಹೋಗುತ್ತದೆ. ಸಾಲಮಾಡಿ ಉಣ್ಣುವವನಿಗೆ ಉಣ್ಣುವಾಗ ಭಾರ ತಿಳಿಯದಂತೆ, ಇಳಿಯುವವನಿಗೆ ತಾನು ಇಳಿದ ಒಂದೊಂದು ಅಡಿಯನ್ನೂ ಮಧ್ಯಾಹ್ನದ ಬಿಸಿಲಿನಲ್ಲಿ, ದಣಿದ ಕಾಲಿನಿಂದ, ಬಡ್ಡಿಸಹಿತ ತೀರಿಸಬೇಕಾದೀತೆಂಬ ಅರಿವು ಇರುವುದಿಲ್ಲ. ಇಳಿಯಲು ಹಿಡಿದ ಹೊತ್ತಿನ ಇಮ್ಮಡಿ ಹೊತ್ತು ಏರಲು ಬೇಕೆಂಬುದು ಅಲ್ಲಿನ ಕಾವಲುಗಾರರು ಹೇಳತಕ್ಕ ಸಾಮಾನ್ಯ ಲೆಕ್ಕ. ಬೇಸಗೆಯಲ್ಲಿ ಹತ್ತು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಒಳಕಣಿವೆಯ ಹಾದಿಯಲ್ಲಿ ನಡೆಯಬಾರದೆಂದೂ, ಒಂದೇ ದಿನದಲ್ಲಿ ನದಿಗೆ ಹೋಗಿಬರಬಾರದೆಂದೂ ಅವರು ಹೇಳುವುದು ಯಾರನ್ನೂ ಹೆದರಿಸುವ ಚಪಲದಿಂದಲ್ಲ. ಆ ಮಾತನ್ನು ಮೀರಿದವರ ಹೆಣಗಳನ್ನು ಹೊತ್ತು ತಂದವರು ಅವರು.

ಇನ್ನು ಸಾಹಸಿಗಳ ವಾದವನ್ನು ತೆಗೆದುಕೊಳ್ಳೋಣ. "ನೀರು ಬೇಕಾದಷ್ಟು ಒಯ್ಯುತ್ತೇವೆ, ಮತ್ತೇನು ಭಯ?" ಎನ್ನುವರು. ಈ ಪ್ರಶ್ನೆಯೇ ಅವರು ಮರುಭೂಮಿಯನ್ನು ಅರಿಯರೆಂಬುದಕ್ಕೆ ಪ್ರಮಾಣ. ಒಣಗಾಳಿಯಲ್ಲಿ ಬೆವರು ಹೊರಟಕೂಡಲೇ ಆರಿಹೋಗುತ್ತದೆ. ಮೈ ಒದ್ದೆಯಾಗದ ಕಾರಣ ತಾನು ಬೆವರುತ್ತಿದ್ದೇನೆಂಬುದೇ ನಡೆಯುವವನಿಗೆ ತಿಳಿಯುವುದಿಲ್ಲ. ಬೆವರಿನೊಡನೆ ಹೋಗುವುದು ನೀರು ಮಾತ್ರವಲ್ಲ, ಉಪ್ಪೂ ಹೋಗುತ್ತದೆ. ಹೀಗಿರಲು ಉಪ್ಪನ್ನು ಮರೆತು ಬರಿಯ ನೀರನ್ನೇ ಕುಡಿಯುತ್ತ ಹೋದವನ ರಕ್ತದಲ್ಲಿ ಲವಣಾಂಶ ತೆಳ್ಳಗಾಗಿ, ಮೊದಲು ತಲೆನೋವು, ವಾಕರಿಕೆ, ಅನಂತರ ಬುದ್ಧಿಭ್ರಮೆ, ಮೀರಿದರೆ ಸೆಳವು, ಮರಣ. ನೀರು ಸಾಲದೆ ಕುಸಿದವನನ್ನೂ ನೀರು ಹೆಚ್ಚಾಗಿ ಕುಸಿದವನನ್ನೂ ನೋಡಿದೊಡನೆ ಬೇರ್ಪಡಿಸಿ ಹೇಳುವುದು ನುರಿತವರಿಗೂ ಕಷ್ಟ. ನಮ್ಮ ಅಜ್ಜಿಯರು ಬಿಸಿಲಲ್ಲಿ ಬಂದವನಿಗೆ ನೀರನ್ನು ಕೊಡದೆ ಉಪ್ಪು ಬೆರಸಿದ ನೀರುಮಜ್ಜಿಗೆಯನ್ನು ಕೊಡುತ್ತಿದ್ದುದರ ಮರ್ಮ ಇದೇ. ಆ ಮರ್ಮವನ್ನು ಅಡಿಗೆಮನೆಯಲ್ಲಿಯೇ ಬಿಟ್ಟುಹೋಗಿ, ದುಬಾರಿ ಬೂಟುಗಳನ್ನೂ ಕೈಗಡಿಯಾರದಲ್ಲಿ ಹೆಜ್ಜೆಯ ಲೆಕ್ಕವನ್ನೂ ನಂಬಿ ಇಳಿಯುವವನನ್ನು ಧೀರನೆನ್ನುವುದು ಹೇಗೆ? ಅಪಾಯವನ್ನು ಅರಿತು ಎದುರಿಸುವುದು ಧೈರ್ಯ. ಅರಿಯದೆ ನುಗ್ಗುವುದಕ್ಕೆ ನಮ್ಮ ಭಾಷೆಯಲ್ಲಿ ಬೇರೆ ಹೆಸರಿದೆ.

"ದೇಹ ನನ್ನದು, ಹೊಣೆ ನನ್ನದು, ಸತ್ತರೆ ನಾನು ಸಾಯುತ್ತೇನೆ" ಎಂಬ ಇನ್ನೊಂದು ಮಾತುಂಟು. ಇದು ಕೇಳಲು ಗಂಭೀರವಾಗಿದ್ದರೂ ನಿಜವಲ್ಲ. ಬಿದ್ದವನು ಬಿದ್ದಲ್ಲಿಯೇ ಇರಲೆಂದು ಬಿಟ್ಟುಬರುವ ಕಾವಲುಗಾರನು ಆ ಕಣಿವೆಯಲ್ಲಿಲ್ಲ. ಅಲ್ಲಿ ಪ್ರತಿವರ್ಷ ನೂರಾರು ಸಲ ರಕ್ಷಣೆಗಾಗಿ ಜನ ಓಡಬೇಕಾಗುತ್ತದೆ. ಹಾಗೆ ಓಡುವವರೂ ಅದೇ ಬಿಸಿಲಿನಲ್ಲಿ, ಅದೇ ಬಂಡೆಗಳ ನಡುವೆ ಇಳಿಯಬೇಕು. ಹೆಲಿಕಾಪ್ಟರು ಇದೆಯಲ್ಲ ಎಂದರೆ, ಕಾದ ಗಾಳಿ ತೆಳುವಾಗುವುದರಿಂದ ಅದರ ಎತ್ತುವ ಶಕ್ತಿಯೂ ಕುಗ್ಗುತ್ತದೆ. ಯಾವ ಹೊತ್ತಿನಲ್ಲಿ ಅದು ಹೆಚ್ಚಾಗಿ ಬೇಕೋ ಆ ಹೊತ್ತಿನಲ್ಲಿಯೇ ಅದರ ಬಲ ಕಡಮೆ. 1996ರ ಬೇಸಗೆಯ ಮರಣಗಳ ತರುವಾಯ, 1997ರಿಂದ, ಉದ್ಯಾನದವರು ಒಂದು ಹೊಸ ಪದ್ಧತಿಯನ್ನು ಆರಂಭಿಸಿದರು. ಬಿದ್ದವರನ್ನು ಎತ್ತುವುದಕ್ಕೆ ಮೊದಲೇ, ಬೀಳಬಹುದಾದವರನ್ನು ಹಾದಿಯ ತಲೆಯಲ್ಲಿಯೇ ತಡೆದು, ಎಲ್ಲಿಗೆ ಹೊರಟಿರಿ, ಏನು ತಿಂದಿರಿ, ಎಷ್ಟು ನೀರಿದೆ ಎಂದು ವಿಚಾರಿಸಿ ಬುದ್ಧಿಹೇಳುವ ಪದ್ಧತಿ ಅದು. ಬುದ್ಧಿವಾದ ಹೇಳುವವನನ್ನು ದಾಟಿಹೋಗುವುದೇ ಪೌರುಷವೆಂದು ತಿಳಿದವನು ತನ್ನ ಪ್ರಾಣದೊಡನೆ ಅಪರಿಚಿತನೊಬ್ಬನ ಪ್ರಾಣವನ್ನೂ ಪಣಕ್ಕಿಡುತ್ತಾನೆ. ಪಣಕ್ಕಿಟ್ಟವನಿಗೆ ಆ ಎರಡನೆಯ ಪ್ರಾಣದ ಮೇಲೆ ಯಾವ ಹಕ್ಕೂ ಇಲ್ಲ.

ಸಾಹಸಿಗಳನ್ನು ಇಷ್ಟಕ್ಕೆ ಬಿಟ್ಟು ಸುಖಾಪೇಕ್ಷಿಗಳ ವಾದಕ್ಕೆ ಬರೋಣ. ರೋಪ್‌ವೇ ಕೇವಲ ನಮ್ಮ ಹಿರಿಯರ ಜಗಲಿಯ ಮಾತಲ್ಲ. ಅದನ್ನು ಕಟ್ಟಿಯೇ ತೀರಬೇಕೆಂದು ಹೊರಟವರಿದ್ದರು. ಲಿಟ್ಲ್ ಕೊಲೊರಾಡೊ ನದಿ ದೊಡ್ಡ ನದಿಯನ್ನು ಕೂಡುವ ಸಂಗಮದ ಬಳಿ, ನವಾಹೊ ಜನಾಂಗದ ನೆಲದಲ್ಲಿ, ಅಂಚಿನಿಂದ ತಳಕ್ಕೆ ಕೆಲವೇ ನಿಮಿಷಗಳಲ್ಲಿ ಪ್ರವಾಸಿಗರನ್ನು ಇಳಿಸುವ ತೊಟ್ಟಿಲುಗಳನ್ನೂ, ಮೇಲೆ ಹೋಟೆಲು ಅಂಗಡಿಗಳನ್ನೂ ಕಟ್ಟುವ ಯೋಜನೆಯೊಂದನ್ನು ಹೊರಗಿನ ವ್ಯಾಪಾರಸ್ಥರು ಮುಂದಿಟ್ಟರು. ಎಸ್ಕಲೇಡ್ ಎಂದು ಅದರ ಹೆಸರು. ಉದ್ಯೋಗ ದೊರೆಯುವುದೆಂಬ ಆಶೆಯನ್ನು ಅವರು ತೋರಿಸಿದರು. ನವಾಹೊ ನಾಡಿನಲ್ಲಿ ಬಡತನವಿರುವುದು ನಿಜವಾದ್ದರಿಂದ ಆ ಆಶೆಯನ್ನು ಹಗುರವಾಗಿ ಕಾಣುವಂತಿರಲಿಲ್ಲ. ಆದರೆ ರಸ್ತೆ ಮೊದಲಾದುವಕ್ಕೆ 6.5 ಕೋಟಿ ಡಾಲರುಗಳನ್ನು ಆ ಬಡಜನರ ಬೊಕ್ಕಸವೇ ಕೊಡಬೇಕೆಂಬುದೂ ಯೋಜನೆಯೊಳಗೇ ಇತ್ತು. ನವಾಹೊ, ಹೋಪಿ, ಝೂನಿ ಜನರಿಗೆ ಆ ಸಂಗಮ ಪುಣ್ಯಕ್ಷೇತ್ರ. ಅಲ್ಲಿ ಕುರಿ ಮೇಯಿಸಿಕೊಂಡಿದ್ದ ಕುಟುಂಬಗಳೇ ವರ್ಷಾನುಗಟ್ಟಲೆ ವಿರೋಧಿಸಿದುವು. ಕೊನೆಗೆ 2017ರ ಅಕ್ಟೋಬರ್ 31ರಂದು ನವಾಹೊ ಪ್ರತಿನಿಧಿ ಸಭೆ 16 ಮತಗಳಿಗೆ 2ರಂತೆ ಆ ಯೋಜನೆಯನ್ನು ತಳ್ಳಿಹಾಕಿತು. ಹಣದ ಅಗತ್ಯ ನಮಗಿಂತಲೂ ಹೆಚ್ಚಾಗಿದ್ದ ಜನರು ಬೇಡವೆಂದುದನ್ನು, ಹತ್ತು ದಿನಗಳ ಪ್ರವಾಸಕ್ಕೆ ಹೋದ ನಾವು ಬೇಕಾಗಿತ್ತೆಂದು ಹಲುಬುವುದು ಯಾವ ನ್ಯಾಯ?

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಲೇಬೇಕು. "ವೃದ್ಧರು, ರೋಗಿಗಳು, ಅಂಗವಿಕಲರು ಇವರಿಗೆ ಕಣಿವೆಯನ್ನು ಕಾಣುವ ಹಕ್ಕಿಲ್ಲವೆ? ಕಾಲು ಗಟ್ಟಿಯಿದ್ದವನಿಗೆ ಮಾತ್ರ ಸೃಷ್ಟಿಸೌಂದರ್ಯ ಮೀಸಲೆ?" ಎಂದು ಕೇಳಬಹುದು. ಪ್ರಶ್ನೆ ಯೋಗ್ಯವಾದುದು, ಕೇಳುವವರ ಮನಸ್ಸೂ ದೊಡ್ಡದು. ಆದರೆ ವಸ್ತುಸ್ಥಿತಿ ಏನು? 1901ರಲ್ಲಿಯೇ ರೈಲುದಾರಿ ದಕ್ಷಿಣದಂಚನ್ನು ಮುಟ್ಟಿತು. ಅಂಚಿನ ಗುಂಟ ಸಮತಟ್ಟಾದ ನಡೆದಾರಿಯಿದೆ, ಬಸ್ಸುಗಳಿವೆ, ಕಟಕಟೆಯಿರುವ ನೋಡುದಾಣಗಳಿವೆ. 2024ರಲ್ಲಿ ಸುಮಾರು 49 ಲಕ್ಷ ಭೇಟಿಗಳಾದುವು. ಅವುಗಳಲ್ಲಿ ಬಹುಪಾಲು ಅಂಚಿನ ಭೇಟಿಗಳೇ. ನೂರು ವರ್ಷಕ್ಕೂ ಮೀರಿ ಹೇಸರಗತ್ತೆಗಳು ಜನರನ್ನು ಹೊತ್ತು ಇಳಿದಿವೆ. ಪಶ್ಚಿಮಕ್ಕೆ ವಾಲಪೈ ಜನಾಂಗದವರು ತಮ್ಮ ನೆಲದಲ್ಲಿ 2007ರಲ್ಲಿ ಗಾಜಿನ ಸೇತುವೆಯೊಂದನ್ನು ತೆರೆದಿದ್ದಾರೆ. ಅದು ಅವರ ನೆಲ, ಅವರ ನಿರ್ಧಾರ, ಅವರ ಜೀವನೋಪಾಯ. ಹೀಗೆ ಕಣಿವೆಯನ್ನು ಕಾಣುವ ಅವಕಾಶ ಯಾರಿಗೂ ತಪ್ಪಿಲ್ಲ. ತಪ್ಪಿರುವುದು, ನಡೆಯದೆಯೇ ನಡೆದವನ ಅನುಭವವನ್ನು ಪಡೆಯುವ ಅವಕಾಶ. ಅದನ್ನು ಯಾವ ಸರ್ಕಾರವೂ ಯಾವ ಯಂತ್ರವೂ ಒದಗಿಸಿಕೊಡಲಾರದು. ಅಂಥದೊಂದು ವಸ್ತುವೇ ಲೋಕದಲ್ಲಿಲ್ಲ.

ನಡೆದವನಿಗೆ ಅಂಥದೇನು ದೊರೆಯುತ್ತದೆ? ದೂರದ ಬೆಟ್ಟ ನುಣ್ಣಗೆ ಎಂಬುದು ನಮ್ಮ ಗಾದೆ. ಕಣಿವೆಯಲ್ಲಿ ಅದು ಅಕ್ಷರಶಃ ಸತ್ಯ. ಅಂಚಿನಿಂದ ನೋಡುವವನಿಗೆ ಅತ್ಯಂತ ಮನೋಹರವಾಗಿ ಕಾಣುವುದು ಹಿಂದೆ ಹೇಳಿದ ಕೆಂಗೋಡೆ. ಸೂರ್ಯಾಸ್ತದಲ್ಲಿ ಅದು ಕುಂಕುಮದಂತೆ ಉರಿಯುತ್ತದೆ; ಪ್ರವಾಸಿಗರ ಛಾಯಾಚಿತ್ರಗಳೆಲ್ಲ ಅದರವೇ. ಆದರೆ ಆ ಬಂಡೆ ಕೆಂಪಲ್ಲ. ಅದು ಸುಮಾರು 34 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ನೆಲೆಗೊಂಡ ಬೂದುಬಣ್ಣದ ಸುಣ್ಣಕಲ್ಲು. ಅದರ ಮೇಲಿರುವ ಜೇಡಿಪದರಗಳಿಂದ ಕಬ್ಬಿಣದ ತುಕ್ಕು ಮಳೆನೀರಿನೊಡನೆ ಇಳಿದು, ಹೊರಮೈಗೆ ಬಣ್ಣ ಬಳಿದಂತೆ ಕೆಂಪಾಗಿ ತೋರುತ್ತದೆ, ಅಷ್ಟೆ. ಒಡೆದು ಬಿದ್ದ ತುಂಡನ್ನು ಹಾದಿಯ ಮಗ್ಗುಲಲ್ಲಿ ಕಂಡವನಿಗೆ ಇದು ಒಂದು ನೋಟದಲ್ಲಿ ತಿಳಿಯುತ್ತದೆ. ಅಂಚಿನಲ್ಲಿ ನಿಂತವನು ಕಂಡದ್ದು ಸುಳ್ಳೆಂದಲ್ಲ. ಅವನು ಕಂಡದ್ದು ಲೇಪವನ್ನು, ಬಂಡೆಯನ್ನಲ್ಲ.

ಇನ್ನೊಂದು ನಿದರ್ಶನ. ಬ್ರೈಟ್ ಏಂಜಲ್ ಹಾದಿಯ ಮಗ್ಗುಲಲ್ಲಿ ಮೇಲಿನಿಂದ ಉರುಳಿಬಿದ್ದ ಬಂಡೆಯೊಂದಿದೆ. ಅದರ ಮುಂದೆ ಅಸಂಖ್ಯಾತ ಜನರು ಹಾದುಹೋಗಿದ್ದರು. 2016ರಲ್ಲಿ ವಿದ್ಯಾರ್ಥಿಗಳೊಡನೆ ನಡೆಯುತ್ತಿದ್ದ ಭೂವಿಜ್ಞಾನದ ಅಧ್ಯಾಪಕರೊಬ್ಬರು ಅದರ ಮೇಲೆ ಸಾಲಾಗಿ ಮೂಡಿದ ಗುರುತುಗಳನ್ನು ಕಂಡರು. ಅವು ಒಂದು ಪ್ರಾಣಿ ಮರಳದಿಣ್ಣೆಯ ಇಳಿಜಾರಿನಲ್ಲಿ ನಡೆದುಹೋದ ಹೆಜ್ಜೆಗಳೆಂದೂ, ಸುಮಾರು 31 ಕೋಟಿ 30 ಲಕ್ಷ ವರ್ಷಗಳಷ್ಟು ಹಳೆಯವೆಂದೂ, ಆ ಕಣಿವೆಯಲ್ಲಿ ದೊರೆತ ಕಶೇರುಕ ಪ್ರಾಣಿಗಳ ಹೆಜ್ಜೆಗಳಲ್ಲೆಲ್ಲ ಪುರಾತನವಾದವೆಂದೂ 2020ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಆ ಹೆಜ್ಜೆಗಳನ್ನು ಕಂಡದ್ದು ಮೆಲ್ಲನೆ ನಡೆಯುತ್ತ, ನಿಂತು ನೋಡುತ್ತ ಹೋದ ಕಣ್ಣು. ತೊಟ್ಟಿಲಿನಲ್ಲಿ ತೇಲಿ ಇಳಿಯುವವನು ಅದನ್ನು ಕಾಣಲಾರನು. ಹಾಗೆಯೇ, ಗಡಿಯಾರ ನೋಡಿಕೊಂಡು ಓಡುವ ನಮ್ಮ ಸಾಹಸಿಯೂ ಕಾಣಲಾರನು. ಸುಖಾಪೇಕ್ಷಿಯೂ ಸಾಹಸಿಯೂ ಒಂದೇ ಬಳ್ಳಿಯ ಕಾಯಿಗಳೆಂದು ಮೊದಲಲ್ಲಿ ಹೇಳಿದುದು ಈ ಕಾರಣದಿಂದ. ಒಬ್ಬನಿಗೆ ಹಾದಿ ಇಲ್ಲದಿರಬೇಕು. ಇನ್ನೊಬ್ಬನಿಗೆ ಹಾದಿ ಬೇಗ ಮುಗಿಯಬೇಕು. ಹಾದಿಯಲ್ಲಿ ಇರುವುದು ಇಬ್ಬರಿಗೂ ಬೇಡ.

"ಸ್ವಾಮಿ, ಆ ಹಾದಿಯೇನು ಸ್ವಯಂಭುವೆ? ಅದನ್ನೂ ಮನುಷ್ಯರೇ ಕಡಿದು ಮಾಡಿದರಷ್ಟೆ. ನಡುನಡುವೆ ತಂಗುದಾಣಗಳಿವೆ, ನಲ್ಲಿಗಳಿವೆ. ಅಷ್ಟು ಅನುಕೂಲವನ್ನು ಒಪ್ಪಿದ ಮೇಲೆ ಇನ್ನಷ್ಟು ಅನುಕೂಲಕ್ಕೆ ಅಡ್ಡಿಯೇಕೆ?" ಎಂದು ಚತುರರು ಕೇಳಿಯಾರು. ಇದು ನಮ್ಮ ಎದುರು ಪಕ್ಷದ ವಾದಗಳಲ್ಲೆಲ್ಲ ಬಲವಾದುದು. ಒಂದೂವರೆ ಮೈಲಿಗೊಂದು, ಮೂರು ಮೈಲಿಗೊಂದು ಕಲ್ಲಿನ ತಂಗುದಾಣ 1930ರ ದಶಕದಲ್ಲಿ ಕಟ್ಟಿದವು ಅಲ್ಲಿರುವುದು ನಿಜ. ಅಲ್ಲಿ ಬೇಸಗೆಯಲ್ಲಿ ಕುಡಿಯುವ ನೀರು ದೊರೆಯುವುದೂ ನಿಜ. ಉತ್ತರವನ್ನು ನಮ್ಮ ನಾಡಿನ ಸಂಪ್ರದಾಯವೇ ಕೊಟ್ಟಿದೆ. ನಮ್ಮ ಹಿರಿಯರು ದಾರಿಯಲ್ಲಿ ಅರವಟ್ಟಿಗೆಗಳನ್ನು ಇಡಿಸಿದರು, ಸಾಲುಮರಗಳನ್ನು ನೆಡಿಸಿದರು, ಹೊರೆ ಇಳಿಸಲು ಕಲ್ಲುಗಳನ್ನು ನಿಲ್ಲಿಸಿದರು. ಇವೆಲ್ಲ ದಾರಿಹೋಕನ ಪ್ರಾಣವನ್ನು ಕಾಯುವ ಧರ್ಮಕಾರ್ಯಗಳು. ಆದರೆ ಅರವಟ್ಟಿಗೆಯಿಟ್ಟ ಪುಣ್ಯಾತ್ಮನು ದಾರಿಯನ್ನು ಕಡಮೆ ಮಾಡಲಿಲ್ಲ, ಇದು ಹತ್ತಿರವೆಂದು ಸುಳ್ಳು ಹೇಳಲೂ ಇಲ್ಲ. ನಡೆಯುವವನು ನಡೆಯುವವನಾಗಿಯೇ ಉಳಿದನು. ಅನುಕೂಲವೊಂದು ಹಾದಿಗೆ ಒಪ್ಪುವುದೋ ಇಲ್ಲವೋ ಎಂಬುದನ್ನು ಪರೀಕ್ಷಿಸಲು ಈ ಒಂದು ಒರೆಗಲ್ಲು ಸಾಕು: ಅದು ನಡೆಯುವವನನ್ನು ಉಳಿಸುತ್ತದೆಯೋ, ಅಥವಾ ನಡೆಯುವುದನ್ನೇ ಅಳಿಸುತ್ತದೆಯೋ? ನಲ್ಲಿ ಮೊದಲನೆಯದು, ರೋಪ್‌ವೇ ಎರಡನೆಯದು.

ಆ ನಲ್ಲಿಯ ನೀರಾದರೂ ಸುಲಭದ್ದಲ್ಲ. ಉತ್ತರದ ಗೋಡೆಯೊಳಗಿನ ಬುಗ್ಗೆಯೊಂದರಿಂದ, ಹನ್ನೆರಡು ಮೈಲಿಗೂ ಉದ್ದವಾದ ಕೊಳವೆ ನದಿಯನ್ನು ದಾಟಿ ದಕ್ಷಿಣದಂಚಿನ ಹೋಟೆಲುಗಳವರೆಗೆ ನೀರನ್ನು ತರುತ್ತದೆ. 1970ರಲ್ಲಿ ಮುಗಿದ ಆ ಕೊಳವೆ ಮೇಲಿಂದ ಮೇಲೆ ಒಡೆಯುತ್ತ ಬಂದು, 2024ರ ಆಗಸ್ಟ್ ಕೊನೆಯಲ್ಲಿ ಹಲವೆಡೆ ಒಡೆದಾಗ, ದಕ್ಷಿಣದಂಚಿನ ವಸತಿಗೃಹಗಳಲ್ಲಿ ರಾತ್ರಿ ತಂಗುವುದನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು. ಒಂದು ಕೊಳವೆಯನ್ನು ಕಾಪಾಡುವುದೇ ಇಷ್ಟು ದುಸ್ತರವಾದ ಕಡೆ ಇನ್ನಷ್ಟು ಜನರನ್ನು ಇಳಿಸುವ, ಇನ್ನಷ್ಟು ಬಚ್ಚಲುಗಳನ್ನು ಕಟ್ಟುವ ಸಲಹೆಯನ್ನು ಕೊಡುವವರು ಮರುಭೂಮಿ ಎಂಬ ಪದದ ಅರ್ಥವನ್ನು ಇನ್ನೊಮ್ಮೆ ನಿಘಂಟಿನಲ್ಲಿ ನೋಡುವುದು ಒಳ್ಳೆಯದು.

ಮೇಲಾಗಿ, ಹಾದಿಯ ಅನುಕೂಲ ಯಾರ ಕೈಗೆ ಸೇರುತ್ತದೆಂಬುದನ್ನೂ ಇತಿಹಾಸದಿಂದ ಕಲಿಯಬೇಕು. ಈ ಹಾದಿಯನ್ನು 1890ರ ದಶಕದಲ್ಲಿ ರಾಲ್ಫ್ ಕ್ಯಾಮರನ್ ಮೊದಲಾದ ಗಣಿಯಾಸೆಯ ಜನ ಸರಿಪಡಿಸಿದರು. ಅದಿರು ಹೇಳಿಕೊಳ್ಳುವಷ್ಟು ಸಿಕ್ಕಲಿಲ್ಲ. ಆದರೆ ಪ್ರವಾಸಿಗರು ಬಂದರು. ಕ್ಯಾಮರನ್ ಸವಾರಿ ಹೋಗುವ ಒಬ್ಬೊಬ್ಬರಿಂದ ಒಂದು ಡಾಲರು ಸುಂಕ ಎತ್ತತೊಡಗಿದನು. ಹಾದಿಯ ಮುಖ್ಯ ಎಡೆಗಳಲ್ಲಿ ಗಣಿಯ ಹೆಸರಿನ ಹಕ್ಕುಪತ್ರಗಳನ್ನು ಹೂಡಿಕೊಂಡು, 1908ರಲ್ಲಿ ಕಣಿವೆ ರಾಷ್ಟ್ರೀಯ ಸ್ಮಾರಕವಾದ ಮೇಲೆಯೂ ಬಿಡದೆ ವ್ಯಾಜ್ಯವಾಡಿದನು. 1920ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಅವನ ವಿರುದ್ಧ ತೀರ್ಪುಕೊಟ್ಟಿತು. ಅಷ್ಟಾದರೂ ಅವನು ಮರುವರ್ಷವೇ ಸೆನೆಟ್ ಸಭೆಯ ಸದಸ್ಯನಾದನು! ಹಾದಿ ಕೈಗೆ ಬಾರದ ಕಾರಣ ಉದ್ಯಾನದವರು 1924-25ರಲ್ಲಿ ಸೌತ್ ಕೈಬಾಬ್ ಎಂಬ ಬೇರೆ ಹಾದಿಯನ್ನೇ ಕಡಿಯಬೇಕಾಯಿತು. ಬ್ರೈಟ್ ಏಂಜಲ್ ಸಾರ್ವಜನಿಕರಿಗೆ ಸೇರಿದುದು 1928ರಲ್ಲಿ. ಹಾದಿಗೆ ಬಾಗಿಲಿಟ್ಟವನು ಬಾಗಿಲಲ್ಲಿ ಕುಳಿತು ಹಣ ಎಣಿಸಿಯೇ ಎಣಿಸುತ್ತಾನೆ. ಕಾಲುಹಾದಿಗೆ ಸುಂಕವಿಟ್ಟರೆ ಬಳಸುದಾರಿ ಹುಡುಕಬಹುದು. ರೋಪ್‌ವೇಯ ಒಡೆಯನಿಗೆ ಬಳಸುದಾರಿಯೆಲ್ಲಿ?

1928 ಎಂಬ ವರ್ಷಕ್ಕೆ ಇನ್ನೊಂದು ಮುಖವಿದೆ. ಅದನ್ನು ಮುಚ್ಚಿಟ್ಟು ನಮ್ಮ ಪಕ್ಷವನ್ನು ಗೆಲ್ಲಿಸಿಕೊಳ್ಳುವುದು ಸಲ್ಲದು. ಹಾದಿಯ ನಾಲ್ಕೂವರೆ ಮೈಲಿಯಲ್ಲಿ ಒಂದು ಹಳ್ಳ ಹರಿಯುವ ಹಸಿರು ತಾಣವಿದೆ. ಗಣಿಗಾರರು ಬರುವುದಕ್ಕೆ ಎಷ್ಟೋ ತಲೆಮಾರುಗಳ ಮೊದಲು ಹವಸುಪೈ ಜನ ಅದೇ ಬಿರುಕಿನ ಹಾದಿಯಿಂದ ಇಳಿದು ಅಲ್ಲಿ ತೋಟಮಾಡುತ್ತಿದ್ದರು. ಬೇಸಗೆಯಲ್ಲಿ ಕಣಿವೆಯ ನೀರಿನ ಬಳಿ ಬೇಸಾಯ, ಚಳಿಗಾಲದಲ್ಲಿ ಮೇಲಿನ ಪ್ರಸ್ಥಭೂಮಿಯಲ್ಲಿ ಬೇಟೆ; ಇದು ಅವರ ಬಾಳಿನ ಕ್ರಮ. 1882ರಲ್ಲಿ ಸರ್ಕಾರ ಅವರಿಗೆಂದು ಉಳಿಸಿದ ನೆಲ 518 ಎಕರೆ ಮಾತ್ರ. ಆ ತಾಣದಲ್ಲಿದ್ದ ಕೊನೆಯ ನಿವಾಸಿಯನ್ನು ಉದ್ಯಾನದವರು 1928ರಲ್ಲಿ ಹೊರಡಿಸಿದರು. 1975ರ ಶಾಸನದಿಂದ ಸುಮಾರು 1,85,000 ಎಕರೆ ಅವರಿಗೆ ಮರಳಿತು. ಆ ಹಸಿರು ತಾಣಕ್ಕೆ ಹವಸುಪೈ ಗಾರ್ಡನ್ಸ್ ಎಂಬ ಹೆಸರು ಬಂದದ್ದು 2022ರ ನವೆಂಬರಿನಲ್ಲಿ. ಮನುಷ್ಯಸಂಚಾರವಿಲ್ಲದ ಬರಡು ನೆಲವೆಂದು ಪ್ರವಾಸಿಗರು ತಿಳಿಯುವ ಹಾದಿ, ಕಾಲವನ್ನೂ ನೀರನ್ನೂ ಅರಿತು ಬಾಳಿದವರ ಮನೆಯಂಗಳದ ದಾರಿಯಾಗಿತ್ತು. ಹಾದಿಯ ಕಾಠಿಣ್ಯಕ್ಕೆ ತಮ್ಮನ್ನು ಒಗ್ಗಿಸಿಕೊಂಡ ಅವರು ಅಲ್ಲಿ ತಲೆಮಾರುಗಟ್ಟಲೆ ಬದುಕಿದರು. ಹಾದಿಯನ್ನು ತನಗೆ ಒಗ್ಗಿಸಿಕೊಳ್ಳಬೇಕೆಂದು ಬಂದವನ ಕೈಗೆ ದಕ್ಕಿದ್ದು ಸುಂಕದ ಡಾಲರು.

ನಮ್ಮವರಿಗೆ ಆ ಕಣಿವೆಯಲ್ಲಿ ವಿಶೇಷವಾದ ಅಭಿಮಾನಕ್ಕೆ ಒಂದು ಕಾರಣವುಂಟು. ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ 1882ರ ತನ್ನ ಗ್ರಂಥದಲ್ಲಿ ಅಲ್ಲಿನ ಶಿಖರಗಳಿಗೆ ವಿಷ್ಣುದೇಗುಲ, ಶಿವದೇಗುಲ ಎಂದು ಹೆಸರಿಟ್ಟನು. ತಳದಲ್ಲಿರುವ ಸುಮಾರು 175 ಕೋಟಿ ವರ್ಷಗಳ ಕಪ್ಪುಶಿಲೆಗಳಿಗೆ ವಿಷ್ಣು, ಬ್ರಹ್ಮ, ರಾಮ ಎಂಬ ಹೆಸರುಗಳು ಬಂದಿವೆ. ಇದನ್ನು ಕೇಳಿ ಪುಳಕಿತರಾಗುವುದು ಸಹಜ. ಆದರೆ ಹೆಸರಿಟ್ಟದ್ದು ಆಕಾರದ ಭವ್ಯತೆಗೆ ಮೆಚ್ಚಿ. ಅಲ್ಲಿ ನಮ್ಮ ಪೂರ್ವಿಕರು ಹೋಗಿ ಗುಡಿ ಕಟ್ಟಿರಲಿಲ್ಲ. ಅಂಚಿನಲ್ಲಿ ನಿಂತು ವಿಷ್ಣುವಿನ ಹೆಸರಿಗೆ ಕೈಮುಗಿಯುವವರು, ಕೆಳಗೆ ತೋಟಮಾಡಿದವರ ಹೆಸರನ್ನು ಕೇಳಿಯೇ ಇಲ್ಲವೆಂದರೆ ಆ ಭಕ್ತಿ ಅಪೂರ್ಣ. ಹಳೆಯ ಕಲ್ಲಿನ ಅಭಿಮಾನವೇ ಬೇಕಾದರೆ ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷಗಳದು. ಅದನ್ನು ಏರಿ ಕುಳಿತವರಲ್ಲಿ ಎಷ್ಟು ಮಂದಿಗೆ ಆ ಸಂಗತಿ ತಿಳಿದಿದೆ?

ಹಾಗಾದರೆ ಮಾಡತಕ್ಕದ್ದೇನು? ಮಕ್ಕಳನ್ನು ಕಾಣಲು ಹೋಗುವ ಹಿರಿಯರು ಅಂಚಿನಲ್ಲಿ ಕುಳಿತು ಮನದಣಿಯೆ ನೋಡಲಿ. ಅದು ಕಡಮೆಯ ಭಾಗ್ಯವಲ್ಲ. ಇಳಿಯಲಾರೆನೆಂಬುದು ಅವಮಾನವೂ ಅಲ್ಲ. ಸ್ವಲ್ಪ ಶಕ್ತಿಯಿದ್ದವರು ಒಂದೂವರೆ ಮೈಲಿಯ ತಂಗುದಾಣದವರೆಗೆ ಇಳಿದು ಹಿಂದಿರುಗಲಿ. ಅಷ್ಟರಲ್ಲಿಯೇ ಎರಡು ಮೂರು ಶಿಲಾಯುಗಗಳನ್ನು ಕೈಯಿಂದ ಮುಟ್ಟಿದಂತಾಗುವುದು. ನದಿಯವರೆಗೆ ಹೋಗಲೇಬೇಕೆನ್ನುವ ಕಿರಿಯರು ಚಳಿಗಾಲದ ಕೊನೆಯನ್ನೋ ಶರತ್ಕಾಲವನ್ನೋ ಆರಿಸಿಕೊಂಡು, ಅಪ್ಪಣೆಚೀಟಿ ಪಡೆದು, ಕೆಳಗೆ ಒಂದು ರಾತ್ರಿ ತಂಗಿ, ಉಪ್ಪುಕಾರದ ತಿಂಡಿ ಕಟ್ಟಿಕೊಂಡು, ಮರುದಿನ ಬೆಳಗಿನ ಜಾವದಲ್ಲಿ ಏರಲಿ. ಹಾದಿಯ ತಲೆಯಲ್ಲಿ ನಿಂತ ಕಾವಲುಗಾರನು ಇಂದು ಬೇಡವೆಂದರೆ, ಮನೆಯ ಹಿರಿಯನ ಮಾತಿನಂತೆ ಅದನ್ನು ಕೇಳಿ ಹಿಂದಿರುಗಲಿ. ನಿಲ್ಲಬೇಕಾದಲ್ಲಿ ನಿಂತವನನ್ನು ಸೋತವನೆಂದು ನಗುವ ಗೆಳೆಯರಿದ್ದರೆ ಅವರೊಡನೆ ಪ್ರವಾಸ ಹೋಗದಿರುವುದೇ ಲೇಸು.

ಐದಾರು ದಶಲಕ್ಷ ವರ್ಷಗಳಿಂದ ನದಿ ಆ ಬಂಡೆಗಳನ್ನು ಕೊರೆಯುತ್ತಿದೆ; ಅದಕ್ಕೆ ನಮ್ಮ ರಜೆಯ ದಿನಗಳ ಲೆಕ್ಕ ತಿಳಿಯದು. ಕಾಲವನ್ನೂ ದೇಹವನ್ನೂ ಆ ಹಾದಿಯ ಅಳತೆಗೆ ಹೊಂದಿಸಿಕೊಂಡು ನಡೆಯುವವನಿಗೆ ಅದು ತನ್ನಲ್ಲಿರುವುದನ್ನು ತೋರಿಸುತ್ತದೆ. ತನ್ನ ಸುಖದ ಅಳತೆಗೋ ತನ್ನ ಜಂಬದ ಅಳತೆಗೋ ಹಾದಿಯನ್ನು ಕುಗ್ಗಿಸಬೇಕೆನ್ನುವವನಿಗೆ ಅಂಚಿನ ನೋಡುದಾಣವೇ ಯೋಗ್ಯಸ್ಥಾನ. ಬಾಯಾರಿದವನಿಗೆ ನೀರು, ದಣಿದವನಿಗೆ ನೆರಳು, ದುಡುಕುವವನಿಗೆ ಒಂದು ಬುದ್ಧಿಯ ಮಾತು: ಇಷ್ಟನ್ನು ಹಾದಿಯ ಮೇಲಿಟ್ಟು ಉಳಿದುದನ್ನು ಇದ್ದಂತೆಯೇ ಬಿಡುವುದು ಮನುಷ್ಯರಿಗೂ ಮರುಭೂಮಿಗೂ ಕ್ಷೇಮಕರವಾದುದು.